ಸರಕು ಗಡಿ ದಾಟಿದ ಮೇಲೆ ನ್ಯಾಯ ಎಲ್ಲಿ ಕೇಳುವುದು? ವ್ಯಾಪಾರ ಕಾನೂನಿನ ದಾರಿಗಳ ಹೋಲಿಕೆ

ರಫ್ತು ಕಾರ್ಖಾನೆಯೊಂದರಲ್ಲಿ ಸಂಘ ಕಟ್ಟಲು ಹೊರಟವರನ್ನು ಕೆಲಸದಿಂದ ತೆಗೆಯುತ್ತಾರೆ. ಕಬ್ಬಿನ ತೋಟಕ್ಕೆ ಜಮೀನು ಬೇಕೆಂದು ಊರಿಗೆ ಊರನ್ನೇ ಎಬ್ಬಿಸುತ್ತಾರೆ. ಸಾಲ ಮಾಡಿ ಏಜೆಂಟನಿಗೆ ದುಡ್ಡು ಕಟ್ಟಿ ಬಂದ ವಲಸೆ ಕಾರ್ಮಿಕನ ಪಾಸ್‌ಪೋರ್ಟನ್ನು ಮಾಲೀಕ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ. ಅಲ್ಲಿನ ಪೊಲೀಸು, ಕೋರ್ಟು, ಕಾರ್ಮಿಕ ಇಲಾಖೆ ಯಾವುದೂ ಕೈಹಿಡಿಯದಿದ್ದಾಗ ಹುಟ್ಟುವ ಪ್ರಶ್ನೆ ಇದು: ಈ ಸರಕನ್ನು ಕೊಳ್ಳುವ ದೇಶದಲ್ಲಿ ಏನಾದರೂ ಮಾಡಬಹುದೇ?

ಮಾಡಬಹುದು. ದಾರಿಗಳು ಹಲವು, ಒಂದರ ನಿಯಮ ಇನ್ನೊಂದಕ್ಕಿಲ್ಲ. ಕೆಲವು ಕಡೆ ಸರ್ಕಾರ ಮಾತ್ರ ದೂರು ಕೊಡಬಹುದು, ಕೆಲವು ಕಡೆ ಕಾರ್ಮಿಕ ಸಂಘ ಮಾತ್ರ, ಕೆಲವು ಕಡೆ ಯಾರು ಬೇಕಾದರೂ. ಗೆದ್ದಾಗ ಸಿಗುವುದೂ ಒಂದೇ ಅಲ್ಲ. ಒಂದು ಕಡೆ ಬಂದರಿನಲ್ಲಿ ಸರಕು ನಿಲ್ಲುತ್ತದೆ, ಒಂದು ಕಡೆ ಕಾನೂನು ತಿದ್ದುಪಡಿಯಾಗುತ್ತದೆ, ಒಂದು ಕಡೆ ಹಣ ಬರುತ್ತದೆ, ಇನ್ನೊಂದು ಕಡೆ ಕೆಲವು ಪುಟಗಳ ಹೇಳಿಕೆ ಬರುತ್ತದೆ ಅಷ್ಟೆ. ಆದ್ದರಿಂದ ನೊಂದವರ ಜೊತೆ ಕೂತು ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಕಳೆದುಕೊಂಡದ್ದಕ್ಕೆ ಪರಿಹಾರ ಬೇಕೋ, ನಡೆಯುತ್ತಿರುವುದು ನಿಲ್ಲಬೇಕೋ, ದೇಶದ ಕಾನೂನೇ ಬದಲಾಗಬೇಕೋ? ಮೂರೂ ಬೇಕು ಎನ್ನುವುದು ಸಹಜ. ಮೂರನ್ನೂ ಒಟ್ಟಿಗೆ ಕೊಡುವ ಜಾಗ ಮಾತ್ರ ಎಲ್ಲೂ ಇಲ್ಲ.

ವಿಶ್ವ ವ್ಯಾಪಾರ ಸಂಸ್ಥೆ: ಸಂತ್ರಸ್ತರಿಗೆ ಪ್ರವೇಶವಿಲ್ಲ

ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಇದೇ, ಹಾಗಾಗಿ ಮೊದಲು ಇದನ್ನು ಪಕ್ಕಕ್ಕಿಡೋಣ. 1995ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ದಾವೆ ಹೂಡಲು ಸದಸ್ಯ ಸರ್ಕಾರಗಳಿಗೆ ಮಾತ್ರ ಅವಕಾಶ. ಕಾರ್ಮಿಕರ ಹಕ್ಕಿನ ವಿಷಯ ನಮ್ಮದಲ್ಲ, ಅದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಇದೆ ಎಂದು 1996ರ ಸಿಂಗಪುರ ಸಚಿವರ ಸಭೆಯಲ್ಲೇ ಸದಸ್ಯರು ಘೋಷಿಸಿ ಕೈತೊಳೆದುಕೊಂಡರು. ಸುಂಕ ಮತ್ತು ವ್ಯಾಪಾರದ ಬಗೆಗಿನ 1947ರ ಗ್ಯಾಟ್ ಒಪ್ಪಂದದ 20ನೇ ವಿಧಿಯಲ್ಲಿ ದುಡಿಮೆಯ ಬಗ್ಗೆ ನೇರವಾಗಿ ಇರುವುದು ಸೆರೆಮನೆಯಲ್ಲಿ ತಯಾರಾದ ಸರಕಿನ ಮಾತೊಂದೇ. ಉಳಿದದ್ದನ್ನು ‘ಸಾರ್ವಜನಿಕ ನೈತಿಕತೆ’, ‘ಮನುಷ್ಯರ ಜೀವ ಮತ್ತು ಆರೋಗ್ಯ’ ಎಂಬ ವಿನಾಯಿತಿಗಳೊಳಗೆ ತೂರಿಸಬೇಕು.

ಹಾಗೆಂದು ಈ ವಿನಾಯಿತಿಗಳು ನಿಷ್ಪ್ರಯೋಜಕವಲ್ಲ. ಫ್ರಾನ್ಸ್ ಕಲ್ನಾರನ್ನು ನಿಷೇಧಿಸಿದ್ದನ್ನು ಕೆನಡಾ ಪ್ರಶ್ನಿಸಿದಾಗ, 2001ರಲ್ಲಿ ನಿಷೇಧವೇ ಉಳಿಯಿತು. ಸೀಲ್ ಪ್ರಾಣಿಯ ಉತ್ಪನ್ನಗಳಿಗೆ ಯುರೋಪ್ (ಈ ಬರಹದಲ್ಲಿ ಯುರೋಪ್ ಎಂದರೆ ಯುರೋಪಿಯನ್ ಒಕ್ಕೂಟ) ಹಾಕಿದ ನಿಷೇಧವನ್ನು 2014ರಲ್ಲಿ ನೈತಿಕತೆಯ ನೆಲೆಯಲ್ಲಿ ಒಪ್ಪಿದರೂ, ಅದನ್ನು ಜಾರಿಮಾಡಿದ ರೀತಿಯಲ್ಲಿ ತಾರತಮ್ಯವಿದೆ ಎಂದು ಮೇಲ್ಮನವಿ ಮಂಡಳಿ ಹೇಳಿತು. ಗಮನಿಸಿ, ಎರಡೂ ಪ್ರಕರಣಗಳಲ್ಲಿ ನಿಷೇಧ ಹಾಕಿದವರು ಪ್ರತಿವಾದಿಗಳು. ಅಂದರೆ ಆಮದು ತಡೆದ ದೇಶ ತನ್ನ ಬಚಾವಿಗೆ ಬಳಸುವ ಗುರಾಣಿ ಇದು. ನೊಂದವರು ಎತ್ತಿಕೊಳ್ಳಬಹುದಾದ ಆಯುಧವಲ್ಲ. ಅದರ ಮೇಲೆ, 2019ರ ಡಿಸೆಂಬರಿನಿಂದ ಮೇಲ್ಮನವಿ ಮಂಡಳಿಯಲ್ಲಿ ಪೀಠಕ್ಕೆ ಬೇಕಾದಷ್ಟು ಸದಸ್ಯರೇ ಇಲ್ಲ. ಸೋತ ದೇಶ ಮೇಲ್ಮನವಿ ಹಾಕಿಬಿಟ್ಟರೆ ತೀರ್ಪು ತ್ರಿಶಂಕು.

ಔಷಧಿಯ ವಿಷಯವೊಂದು ಇದಕ್ಕೆ ಹೊರತು. ಪೇಟೆಂಟ್ ಇದ್ದರೂ ಜನರ ಆರೋಗ್ಯಕ್ಕಾಗಿ ಕಡ್ಡಾಯ ಪರವಾನಗಿ (ಪೇಟೆಂಟ್ ಇರುವವರ ಒಪ್ಪಿಗೆಯಿಲ್ಲದೆ ತಯಾರಿಸಲು ಸರ್ಕಾರದ ಅನುಮತಿ) ಕೊಡಬಹುದು ಎಂದು 2001ರ ದೋಹಾ ಘೋಷಣೆ ಸ್ಪಷ್ಟಪಡಿಸಿತು. ನಿಮ್ಮ ಹೋರಾಟ ಔಷಧಿಯ ಬೆಲೆಯದಾದರೆ ನಿಮ್ಮ ಸರ್ಕಾರದ ಮುಂದೆ ಹಿಡಿಯಬೇಕಾದ ಕಾಗದ ಅದು.

ಸುಂಕ ರಿಯಾಯಿತಿ ಕಿತ್ತುಕೊಳ್ಳುವುದು

ಬಡ ದೇಶಗಳ ಸರಕಿಗೆ ಶ್ರೀಮಂತ ದೇಶಗಳು ಕೊಡುವ ರಿಯಾಯಿತಿಗೆ ಷರತ್ತುಗಳಿರುತ್ತವೆ. ಇಂಥ ರಿಯಾಯಿತಿ ಯೋಜನೆಗೆ ಜಿಎಸ್‌ಪಿ ಎಂದು ಹೆಸರು. ಯುರೋಪಿನ ‘ಜಿಎಸ್‌ಪಿ ಪ್ಲಸ್’ ಬೇಕಾದರೆ 27 ಅಂತರರಾಷ್ಟ್ರೀಯ ಒಪ್ಪಂದಗಳನ್ನು ಒಪ್ಪಿ ಪಾಲಿಸಬೇಕು. ಷರತ್ತು ಮುರಿದರೆ ರಿಯಾಯಿತಿ ಹೋಗುತ್ತದೆ. ಶ್ರೀಲಂಕಾ 2010ರ ಆಗಸ್ಟ್‌ನಲ್ಲಿ ಕಳೆದುಕೊಂಡಿತು, 2017ರ ಮೇ ತಿಂಗಳಲ್ಲಿ ವಾಪಸು ಪಡೆಯಿತು. ಅತಿ ಬಡ ದೇಶಗಳಿಗೆಂದು ಇರುವ ಇನ್ನೊಂದು ರಿಯಾಯಿತಿಯಲ್ಲಿ ಕಾಂಬೋಡಿಯಾ 2020ರ ಆಗಸ್ಟ್‌ನಲ್ಲಿ ಒಂದು ಪಾಲನ್ನು ಕಳೆದುಕೊಂಡಿತು.

ದೇಶದ ಕಾನೂನು ಬದಲಾಗಬೇಕು, ರಾಜಕೀಯ ಒತ್ತಡ ಬೇಕು ಎನ್ನುವವರಿಗೆ ಇದು ತಕ್ಕದ್ದು. ಅದರಲ್ಲೂ ಬೆದರಿಕೆ ಇನ್ನೂ ಗಾಳಿಯಲ್ಲಿರುವಾಗ ಕೆಲಸ ಮಾಡುವಷ್ಟು, ರಿಯಾಯಿತಿ ಹೋದ ಮೇಲೆ ಮಾಡುವುದಿಲ್ಲ. ಪೆಟ್ಟು ಬೀಳುವುದು ಇಡೀ ವಲಯಕ್ಕೆ. ಆರ್ಡರ್ ಕಡಿಮೆಯಾದಾಗ ಮೊದಲು ಮನೆಗೆ ಹೋಗುವವಳು ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳು. ಆದೇಶ ಕೊಟ್ಟ ಮಂತ್ರಿಯಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಕೆಲವೊಮ್ಮೆ ಬರೆಯೂ ಸರಿಯಾದ ಜಾಗಕ್ಕೆ ಬೀಳುವುದಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೆ ಅಮೆರಿಕ ಬಾಂಗ್ಲಾದೇಶದ ಜಿಎಸ್‌ಪಿಯನ್ನು ಅಮಾನತುಗೊಳಿಸಿತು. ಸುದ್ದಿ ದೊಡ್ಡದಾಯಿತು. ಆದರೆ ಬಾಂಗ್ಲಾದೇಶದ ಮುಖ್ಯ ರಫ್ತಾದ ಸಿದ್ಧ ಉಡುಪು ಅಮೆರಿಕದ ಆ ಯೋಜನೆಯೊಳಗೆ ಇರಲೇ ಇಲ್ಲ! ಈ ದಾರಿ ಹಿಡಿಯುವ ಮೊದಲು ನಿಮ್ಮ ಸರಕು ರಿಯಾಯಿತಿಯ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ವ್ಯಾಪಾರ ಒಪ್ಪಂದದ ಕಾರ್ಮಿಕ ಅಧ್ಯಾಯ: ಒಂದೇ ಹೆಸರು, ಮೂರು ಫಲ

ಎರಡು ದೇಶಗಳ ನಡುವಿನ ಮುಕ್ತ ವ್ಯಾಪಾರ ಒಪ್ಪಂದಗಳಲ್ಲಿ ಈಗ ಕಾರ್ಮಿಕರ ಹಕ್ಕಿನ ಅಧ್ಯಾಯ ಸಾಮಾನ್ಯ. ಇದ್ದರೆ ಸಾಲದು, ಒಳಗೆ ಏನು ಬರೆದಿದೆ ಎಂದು ಓದಬೇಕು. ಮೂರು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟರೆ ಅದೇಕೆಂದು ಗೊತ್ತಾಗುತ್ತದೆ.

ಗ್ವಾಟೆಮಾಲಾದ ಸಂಘಗಳು ಅಮೆರಿಕದ ಕಾರ್ಮಿಕ ಸಂಘಗಳ ಒಕ್ಕೂಟವಾದ ಎಎಫ್‌ಎಲ್-ಸಿಐಒ ಜೊತೆ ಸೇರಿ 2008ರಲ್ಲಿ ದೂರು ಕೊಟ್ಟವು. ತೀರ್ಪು ಬಂದದ್ದು 2017ರಲ್ಲಿ. ಕೆಲವು ಕಡೆ ಕಾನೂನು ಜಾರಿಯಾಗಿಲ್ಲ ಎಂದು ಮಧ್ಯಸ್ಥರು ಒಪ್ಪಿದರು; ಆದರೆ ಅದು ‘ವ್ಯಾಪಾರದ ಮೇಲೆ ಪರಿಣಾಮ ಬೀರುವ ರೀತಿಯಲ್ಲಿ’ ಪದೇ ಪದೇ ನಡೆದದ್ದು ಸಾಬೀತಾಗಿಲ್ಲ ಎಂದರು. ಒಪ್ಪಂದದ ಒಂದು ಪದಗುಚ್ಛಕ್ಕೆ ಒಂಬತ್ತು ವರ್ಷದ ಹೋರಾಟ ಬಲಿಯಾಯಿತು.

ಯುರೋಪ್ ದಕ್ಷಿಣ ಕೊರಿಯಾದ ವಿರುದ್ಧ 2018ರ ಡಿಸೆಂಬರಿನಲ್ಲಿ ಮಾತುಕತೆ ಕೇಳಿತು, ಸಂಘ ಕಟ್ಟುವ ಸ್ವಾತಂತ್ರ್ಯದ ವಿಷಯದಲ್ಲಿ. ವ್ಯಾಪಾರದ ಮೇಲೆ ಪರಿಣಾಮ ತೋರಿಸಿ ಎಂಬ ವಾದವನ್ನು ಕೊರಿಯಾವೂ ಹೂಡಿತು. ಈ ಒಪ್ಪಂದದಲ್ಲಿ ಅದು ಬೇಕಿಲ್ಲ ಎಂದು ತಜ್ಞರ ಸಮಿತಿ 2021ರ ಜನವರಿಯಲ್ಲಿ ಹೇಳಿತು. ದಂಡವಿಲ್ಲ, ಸುಂಕವಿಲ್ಲ, ಬರೀ ವರದಿ. ಆದರೂ ಅದೇ ಏಪ್ರಿಲ್‌ನಲ್ಲಿ ಕೊರಿಯಾ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 29, 87 ಮತ್ತು 98ನೇ ಒಪ್ಪಂದಗಳನ್ನು (ಬಲವಂತದ ದುಡಿಮೆ, ಸಂಘ ಕಟ್ಟುವ ಹಕ್ಕು, ಸಾಮೂಹಿಕ ಚೌಕಾಶಿ ಕುರಿತವು) ಅನುಮೋದಿಸಿತು. ಹೆಸರು ಕೆಟ್ಟೀತೆಂದು ಅಂಜುವ ಸರ್ಕಾರದ ಮೇಲೆ ಹಲ್ಲಿಲ್ಲದ ಒಪ್ಪಂದವೂ ನಡೆಯುತ್ತದೆ. ಅಂಜದ ಸರ್ಕಾರದ ಮೇಲೆ ನಡೆಯುವುದಿಲ್ಲ.

ಮೂರನೆಯದು ನನ್ನ ಮಟ್ಟಿಗೆ ಈ ಸಾಲಿನಲ್ಲೇ ಚೊಕ್ಕವಾದದ್ದು. ಅಮೆರಿಕ, ಮೆಕ್ಸಿಕೊ, ಕೆನಡಾಗಳ ಒಪ್ಪಂದ 2020ರ ಜುಲೈನಲ್ಲಿ ಜಾರಿಗೆ ಬಂದಾಗ ‘ಕ್ಷಿಪ್ರ ಸ್ಪಂದನೆ’ ಎಂಬ ಹೊಸ ವ್ಯವಸ್ಥೆ ಬಂತು. ಇಲ್ಲಿ ಕಟಕಟೆಯಲ್ಲಿ ನಿಲ್ಲುವುದು ಇಡೀ ದೇಶವಲ್ಲ, ಒಂದು ಕಾರ್ಖಾನೆ. ಮೆಕ್ಸಿಕೊದ ಸಿಲಾವೊದಲ್ಲಿರುವ ಜನರಲ್ ಮೋಟರ್ಸ್ ಘಟಕದಲ್ಲಿ 2021ರ ಏಪ್ರಿಲ್‌ನಲ್ಲಿ ವೇತನ ಒಪ್ಪಂದದ ಮೇಲಿನ ಮತದಾನ ಮತಪತ್ರಗಳ ನಾಶದಿಂದ ನಿಂತುಹೋಯಿತು. ಮೇ ತಿಂಗಳಲ್ಲಿ ಅಮೆರಿಕ ಪರಿಶೀಲನೆ ಕೇಳಿತು. ಆಗಸ್ಟ್‌ನಲ್ಲಿ ಕಾರ್ಮಿಕರು ಹಳೆಯ ಒಪ್ಪಂದವನ್ನು ಮತ ಹಾಕಿ ತಿರಸ್ಕರಿಸಿದರು. 2022ರ ಫೆಬ್ರವರಿಯಲ್ಲಿ ಸ್ವತಂತ್ರ ಸಂಘ ಗೆದ್ದಿತು, ಮೇ ತಿಂಗಳಲ್ಲಿ 8.5 ಶೇಕಡಾ ಸಂಬಳ ಏರಿಕೆ ಆಯಿತು. ಗ್ವಾಟೆಮಾಲಾದಲ್ಲಿ ಒಂಬತ್ತು ವರ್ಷದಲ್ಲಿ ಆಗದ್ದು ಇಲ್ಲಿ ಒಂದು ವರ್ಷದಲ್ಲಿ ಆಯಿತು. ಮಿತಿ ಇದೆ: ಸಂಘ ಕಟ್ಟುವ ಮತ್ತು ಸಾಮೂಹಿಕ ಚೌಕಾಶಿಯ ಹಕ್ಕಿಗೆ ಮಾತ್ರ ಇದು ಅನ್ವಯ, ಪ್ರಾಯೋಗಿಕವಾಗಿ ಮೆಕ್ಸಿಕೊದ ಕಾರ್ಖಾನೆಗಳಿಗೆ ಮಾತ್ರ. ಬೇರೆ ದೇಶಗಳ ಒಪ್ಪಂದದ ಮಾತುಕತೆಯಲ್ಲಿ ಸಂಘಗಳು ಏನು ಕೇಳಬೇಕು ಎನ್ನುವುದಕ್ಕೆ ಇದು ಮಾದರಿ.

ಬಂದರಿನಲ್ಲೇ ತಡೆ

ಅಮೆರಿಕದ 1930ರ ಸುಂಕ ಕಾಯ್ದೆಯ 307ನೇ ಸೆಕ್ಷನ್ ಬಲವಂತದ ದುಡಿಮೆಯಿಂದ ತಯಾರಾದ ಸರಕಿನ ಆಮದನ್ನು ನಿಷೇಧಿಸುತ್ತದೆ. ದೇಶದೊಳಗೆ ಬೇಡಿಕೆಗೆ ತಕ್ಕಷ್ಟು ಉತ್ಪಾದನೆ ಇಲ್ಲದಿದ್ದರೆ ತರಿಸಿಕೊಳ್ಳಬಹುದು ಎಂಬ ವಿನಾಯಿತಿ ಅದರಲ್ಲಿದ್ದುದರಿಂದ ದಶಕಗಳ ಕಾಲ ಕಾನೂನು ಹೆಚ್ಚುಕಡಿಮೆ ಮಲಗಿತ್ತು. 2016ರಲ್ಲಿ ವಿನಾಯಿತಿ ರದ್ದಾದ ಮೇಲೆ ಅದಕ್ಕೆ ಜೀವ ಬಂತು. ಯಾರು ಬೇಕಾದರೂ, ಯಾವ ದೇಶದಿಂದಾದರೂ ಕಸ್ಟಮ್ಸ್ ಇಲಾಖೆಗೆ ಅರ್ಜಿ ಕಳಿಸಬಹುದು. ವಕೀಲರೇ ಬೇಕೆಂದಿಲ್ಲ. ಪುರಾವೆ ಸಾಕಷ್ಟಿದೆ ಎನಿಸಿದರೆ ಇಲಾಖೆ ಸರಕನ್ನು ತಡೆಹಿಡಿಯುತ್ತದೆ.

ಇದರ ಬಲವನ್ನು ಮಲೇಷ್ಯಾದ ಟಾಪ್ ಗ್ಲೋವ್ ಪ್ರಕರಣದಲ್ಲಿ ನೋಡಬಹುದು. 2020ರ ಜುಲೈನಲ್ಲಿ ಅದರ ಕೈಗವಸುಗಳಿಗೆ ತಡೆ ಬಿತ್ತು. ಸೋಂಕಿನ ಕಾಲ, ಕೈಗವಸಿಗೆ ಚಿನ್ನದ ಬೆಲೆ ಇದ್ದ ಹೊತ್ತು. ಆದರೂ ಕಂಪನಿ ಮಣಿಯಬೇಕಾಯಿತು. ಕೆಲಸಕ್ಕೆ ಸೇರಲು ಏಜೆಂಟರಿಗೆ ತೆತ್ತ ದುಡ್ಡನ್ನು ವಲಸೆ ಕಾರ್ಮಿಕರಿಗೆ ಮರಳಿಸಿತು, ಒಟ್ಟು 3 ಕೋಟಿ ಡಾಲರಿಗೂ ಹೆಚ್ಚು. 2021ರ ಸೆಪ್ಟೆಂಬರಿನಲ್ಲಿ ತಡೆ ತೆರವಾಯಿತು. ವ್ಯಾಪಾರದ ಕಾನೂನಿನಿಂದ ನೇರವಾಗಿ ಕಾರ್ಮಿಕರ ಜೇಬಿಗೆ ಇಷ್ಟು ಹಣ ಬಂದ ಉದಾಹರಣೆ ಅಪರೂಪ.

ಆದರೆ ಆ ಹಣ ಕಾನೂನು ಕೊಟ್ಟದ್ದಲ್ಲ. ಸೆಕ್ಷನ್ 307ರಲ್ಲಿ ಪರಿಹಾರದ ಮಾತೇ ಇಲ್ಲ, ಸರಕು ತಡೆಯುವ ಅಧಿಕಾರ ಮಾತ್ರ ಇದೆ. ತಡೆ ತೆಗೆಸಿಕೊಳ್ಳುವ ಆತುರದಲ್ಲಿ ಕಂಪನಿ ಕೊಟ್ಟ ಹಣ ಅದು. ಅಮೆರಿಕದ ಮಾರುಕಟ್ಟೆ ಬೇಡ, ಬೇರೆ ಕಡೆ ಮಾರುತ್ತೇವೆ ಎನ್ನುವ ಕಂಪನಿಯ ಮುಂದೆ ಈ ಅಸ್ತ್ರ ಮೊಂಡು. ಹಾಗಾಗಿ ಅರ್ಜಿಯಲ್ಲೇ ‘ಇಂತಿಂಥದ್ದು ಸರಿಯಾದರೆ ತಡೆ ತೆಗೆಯಬಹುದು’ ಎಂದು ಕಾರ್ಮಿಕರ ಬೇಡಿಕೆಗಳನ್ನು ಬರೆದು ಕಳಿಸುವುದು ಜಾಣತನ. ಅಧಿಕಾರಿಗಳನ್ನು ಅದು ಕಟ್ಟಿಹಾಕುವುದಿಲ್ಲ, ಆದರೆ ಮಾತುಕತೆಯ ಮೇಜಿನ ಮೇಲೆ ಅದೇ ಕಾಗದ ಇರುತ್ತದೆ.

ಚೀನಾದ ಶಿನ್‌ಜಿಯಾಂಗ್ ಪ್ರದೇಶದ ಸರಕಿಗೆ ಲೆಕ್ಕ ಬೇರೆ. 2022ರ ಜೂನ್‌ನಿಂದ ಜಾರಿಯಲ್ಲಿರುವ ಅಮೆರಿಕದ ಕಾಯ್ದೆಯಡಿ ಅಲ್ಲಿಂದ ಬಂದದ್ದೆಲ್ಲ ಬಲವಂತದ ದುಡಿಮೆಯದೇ ಎಂದು ಮೊದಲೇ ಭಾವಿಸಲಾಗುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಆಮದುದಾರನದು. ಯುರೋಪಿನ ಸ್ವಂತ ನಿಷೇಧ 2027ರ ಡಿಸೆಂಬರಿನಿಂದ ಅನ್ವಯವಾಗಲಿದೆ.

ಕೋರ್ಟು, ಮತ್ತು ಕೋರ್ಟಿನಂತೆ ಕಾಣುವ ಕಚೇರಿ

ಪರಿಹಾರದ ಹಣವೇ ಮುಖ್ಯವಾದರೆ ಕೊನೆಗೆ ಮಾತೃ ಕಂಪನಿಯ ದೇಶದ ಕೋರ್ಟಿನ ಕಟ್ಟೆ ಹತ್ತಬೇಕು. ಯಾವ ದೇಶದ ಕಟ್ಟೆ ಎನ್ನುವುದರಲ್ಲೇ ಅರ್ಧ ತೀರ್ಮಾನ. ಅಮೆರಿಕದಲ್ಲಿ ಈ ದಾರಿ ಕಿರಿದಾಗುತ್ತಾ ಬಂದಿದೆ: ಕೋಕೊ ತೋಟಗಳಲ್ಲಿ ಬಾಲ್ಯದಲ್ಲಿ ಜೀತಕ್ಕೆ ಬಿದ್ದವರು 2005ರಲ್ಲಿ ಕೋಕೊ ಕೊಳ್ಳುವ ಕಂಪನಿಗಳ ಮೇಲೆ ಹೂಡಿದ ದಾವೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕಂಪನಿಯ ತೀರ್ಮಾನಗಳು ಅಮೆರಿಕದಲ್ಲಿ ಆದವು ಎಂದಷ್ಟೇ ಹೇಳಿದರೆ ಸಾಲದು ಎಂಬ ಕಾರಣ ಕೊಟ್ಟಿತು. ಬ್ರಿಟನ್ ಮತ್ತು ಕೆನಡಾ ತುಸು ವಾಸಿ. ಜಾಂಬಿಯಾದ ತಾಮ್ರದ ಗಣಿಯಿಂದ ನೀರು ಕೆಟ್ಟಿತೆಂದು 1,826 ಹಳ್ಳಿಗರು ವೇದಾಂತ ಕಂಪನಿಯ ಮೇಲೆ ಹೂಡಿದ ದಾವೆ ಲಂಡನ್ನಿನಲ್ಲಿ ನಡೆಯಬಹುದು ಎಂದು 2019ರಲ್ಲಿ ತೀರ್ಪಾಯಿತು. ಹೊಣೆ ಒಪ್ಪಿಕೊಳ್ಳದೆ 2021ರಲ್ಲಿ ಕಂಪನಿ ರಾಜಿಯಾಯಿತು. ಎರಿಟ್ರಿಯಾದ ಗಣಿಯಲ್ಲಿ ಬಲವಂತವಾಗಿ ದುಡಿಸಿಕೊಂಡ ಆರೋಪದ ನೆವ್‌ಸನ್ ಪ್ರಕರಣವೂ 2020ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ದಾವೆಗೆ ಅವಕಾಶ ಕೊಟ್ಟ ಮೇಲೆ ರಾಜಿಯಲ್ಲೇ ಮುಗಿಯಿತು. ಇಲ್ಲಿ ಗೆಲುವು ಎಂದರೆ ಸಾಮಾನ್ಯವಾಗಿ ರಾಜಿ ಎಂದೇ ಅರ್ಥ. ಎಷ್ಟು ಹಣ ಎಂಬುದು ಹೆಚ್ಚಾಗಿ ಗುಟ್ಟು.

ಫ್ರಾನ್ಸ್ 2017ರಲ್ಲಿ ತಂದ ಜಾಗರೂಕತೆಯ ಕಾಯ್ದೆಯಡಿ ದೊಡ್ಡ ಕಂಪನಿಗಳು ಪೂರೈಕೆ ಸರಪಳಿಯ ಅಪಾಯಗಳಿಗೆ ಯೋಜನೆ ಮಾಡಬೇಕು. ಮಾಡದಿದ್ದರೆ ಕೋರ್ಟಿಗೆ ಎಳೆಯಬಹುದು. ಜರ್ಮನಿಯಲ್ಲಿ 2023ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿ ದೂರು ಕೊಡುವುದು ಸರ್ಕಾರಿ ಕಚೇರಿಗೆ, ದಂಡ ಹೋಗುವುದು ಖಜಾನೆಗೆ. ಇಡೀ ಯುರೋಪಿಗೆಂದು 2024ರಲ್ಲಿ ಅಂಗೀಕರಿಸಿದ ನಿರ್ದೇಶನದ ಗಡುವನ್ನು ಮರುವರ್ಷವೇ ಮುಂದೂಡಿದರು. ಅದನ್ನು ನಂಬಿಕೊಂಡು ಈಗಲೇ ಯೋಜನೆ ಹಾಕಬೇಡಿ.

ಇನ್ನು ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ) ದೇಶಗಳಲ್ಲಿ ಕಂಪನಿಗಳ ಮೇಲಿನ ದೂರು ಕೇಳಲು ಇರುವ ಸರ್ಕಾರಿ ಕಚೇರಿ, ‘ರಾಷ್ಟ್ರೀಯ ಸಂಪರ್ಕ ಕೇಂದ್ರ’. ದೂರು ಕೊಡಲು ಶುಲ್ಕವಿಲ್ಲ, ಯಾರು ಬೇಕಾದರೂ ಕೊಡಬಹುದು, ಬ್ಯಾಂಕುಗಳ ಮೇಲೂ ಕೊಡಬಹುದು. ಆದರೆ ಕಂಪನಿಯನ್ನು ಮಾತುಕತೆಗೆ ಕೂರಿಸುವ ಅಧಿಕಾರ ಅದಕ್ಕಿಲ್ಲ. ಬಾರದಿದ್ದರೆ ಒಂದು ಹೇಳಿಕೆ ಹೊರಡಿಸಿ ಕಡತ ಮುಚ್ಚುತ್ತದೆ. ಇಷ್ಟೇ ಆಗಿದ್ದರೆ ಇದನ್ನು ಬಿಟ್ಟುಬಿಡಿ ಎನ್ನುತ್ತಿದ್ದೆ. ಆದರೆ ಕಾಂಬೋಡಿಯಾದ ಸಕ್ಕರೆಯ ಕಥೆ ಅಡ್ಡ ಬರುತ್ತದೆ.

ಒಂದೇ ಗಾಯ, ಮೂರು ಕಡೆ ದೂರು

ಯುರೋಪ್ 2001ರಲ್ಲಿ ಅತಿ ಬಡ ದೇಶಗಳಿಗೆ ‘ಶಸ್ತ್ರಾಸ್ತ್ರ ಬಿಟ್ಟು ಎಲ್ಲಕ್ಕೂ’ ಸುಂಕವಿಲ್ಲ ಎಂದಿತು. ಸಕ್ಕರೆಗೆ ಅದು ಪೂರ್ತಿಯಾಗಿ ಅನ್ವಯವಾದದ್ದು 2009ರಲ್ಲಿ. ಬಡತನ ನೀಗಲೆಂದು ಕೊಟ್ಟ ರಿಯಾಯಿತಿ ಕಾಂಬೋಡಿಯಾದಲ್ಲಿ ಕಬ್ಬಿನ ತೋಟಗಳಿಗೆ ಜಮೀನು ಕಬಳಿಸುವ ಪೈಪೋಟಿಗೆ ಗಾಳಿ ಹಾಕಿತು. ಸಾವಿರಾರು ಕುಟುಂಬಗಳು ಗದ್ದೆ, ಮನೆ ಕಳೆದುಕೊಂಡವು.

ಅವರು ಯುರೋಪಿಯನ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ರಿಯಾಯಿತಿ ಹಿಂಪಡೆಯಲು ಒತ್ತಾಯಿಸಿದರು. 2020ರಲ್ಲಿ ಯುರೋಪ್ ಹಿಂಪಡೆದ ಪಟ್ಟಿಯಲ್ಲಿ ಸಕ್ಕರೆಯೂ ಇತ್ತು. ಆ ಹೊತ್ತಿಗೆ ಜಮೀನು ಹೋಗಿ ದಶಕ ಕಳೆದಿತ್ತು, ಕುಟುಂಬಗಳ ಕೈಗೆ ಅದರಿಂದ ಬಿಡಿಗಾಸೂ ಬರಲಿಲ್ಲ. ಥಾಯ್ಲೆಂಡಿನ ಸಕ್ಕರೆ ಕಂಪನಿ ಮಿತ್ರ್ ಫೋಲ್ ಮೇಲೆ ಬ್ಯಾಂಕಾಕಿನಲ್ಲಿ 2018ರಲ್ಲಿ ದಾವೆ ಹೂಡಿದವರಿಗೆ, 700ಕ್ಕೂ ಹೆಚ್ಚು ಕುಟುಂಬಗಳು ಒಟ್ಟಾಗಿ ದಾವೆ ನಡೆಸಬಹುದು ಎಂಬ ಅನುಮತಿ ಸಿಗಲು 2020ರ ಜುಲೈ ಬರಬೇಕಾಯಿತು. ಇನ್ನೊಂದು ತೋಟಕ್ಕೆ ಸಾಲ ಕೊಟ್ಟಿದ್ದ ಆಸ್ಟ್ರೇಲಿಯಾದ ಎಎನ್‌ಝಡ್ ಬ್ಯಾಂಕಿನ ಮೇಲೆ 2014ರಲ್ಲಿ ಆ ದೇಶದ ಸಂಪರ್ಕ ಕೇಂದ್ರಕ್ಕೆ ದೂರು ಹೋಗಿತ್ತು. ಮೂರರಲ್ಲಿ ಇದೇ ದುರ್ಬಲ ಎಂದು ಯಾರಾದರೂ ಹೇಳುತ್ತಿದ್ದರು. ಆದರೆ 2020ರ ಫೆಬ್ರವರಿಯಲ್ಲಿ ಆ ಸಾಲದಿಂದ ತನಗೆ ಬಂದ ಒಟ್ಟು ಲಾಭವನ್ನು ನೊಂದ ಕುಟುಂಬಗಳಿಗೆ ಬಿಟ್ಟುಕೊಡಲು ಬ್ಯಾಂಕು ಒಪ್ಪಿತು.

ಬ್ಯಾಂಕಿಗೆ ಅದರ ಗ್ರಾಹಕರ ಮುಂದೆ, ಷೇರುದಾರರ ಮುಂದೆ ಮುಖ ತೋರಿಸಬೇಕಿತ್ತು. ತೋಟದ ಒಡೆಯನಿಗೆ ಆ ಹಂಗಿರಲಿಲ್ಲ. ವೇದಿಕೆ ಎಷ್ಟು ಬಲವಾದದ್ದು ಎಂದು ಅಳೆಯುತ್ತಾ ಕೂರುವುದಕ್ಕಿಂತ, ಸರಪಳಿಯಲ್ಲಿ ಹೆಸರಿಗೆ ಅಂಜುವ ಕೊಂಡಿ ಯಾವುದು ಎಂದು ಹುಡುಕುವುದು ಮೇಲು.

ಸಹಿ ಹಾಕಿಸಿಕೊಂಡ ಕಾಗದ

ಈ ಯೋಚನೆಯನ್ನೇ ಕೊನೆಮುಟ್ಟಿಸಿದವರು ಕಾರ್ಮಿಕ ಸಂಘಗಳು. ರಾಣಾ ಪ್ಲಾಜಾ ಕುಸಿದ ಮರುತಿಂಗಳೇ ಬ್ರ್ಯಾಂಡುಗಳ ಜೊತೆ ‘ಅಕಾರ್ಡ್’ ಎಂಬ ಕಾರ್ಖಾನೆ ಸುರಕ್ಷತಾ ಒಪ್ಪಂದ ಮಾಡಿಕೊಂಡರು. ಕಂಪನಿಗಳ ಎಂದಿನ ನೀತಿಸಂಹಿತೆಗಿಂತ ಇದು ಬೇರೆ: ಮುರಿದರೆ ಮಧ್ಯಸ್ಥಿಕೆಗೆ ಎಳೆಯಬಹುದು. ಎಳೆದದ್ದೂ ಉಂಟು. 2016ರಲ್ಲಿ ಹೇಗ್‌ನಲ್ಲಿ ಎರಡು ಬ್ರ್ಯಾಂಡುಗಳ ಮೇಲೆ ಹೂಡಿದ ಪ್ರಕರಣಗಳಲ್ಲಿ ಒಂದು 23 ಲಕ್ಷ ಡಾಲರಿಗೆ ರಾಜಿಯಾಯಿತು, ಕಾರ್ಖಾನೆಗಳ ಸುರಕ್ಷತೆಗಾಗಿ.

ಒಪ್ಪಂದವೂ ಬಂದರಿನ ತಡೆಯೂ ಒಂದೇ ಕಡೆ ಕೂಡಿದರೆ ಏನಾಗುತ್ತದೆ ಎನ್ನುವುದಕ್ಕೆ ತಮಿಳುನಾಡಿನ ದಿಂಡಿಗಲ್ ಉದಾಹರಣೆ. ಅಲ್ಲಿನ ನಾಚಿ ಅಪ್ಯಾರಲ್ ಕಾರ್ಖಾನೆಯ ದಲಿತ ಕಾರ್ಮಿಕ ಮಹಿಳೆಯೊಬ್ಬರ ಕೊಲೆಯ ನಂತರ, ಮಹಿಳೆಯರೇ ನಡೆಸುವ ಟಿಟಿಸಿಯು ಸಂಘ 2022ರ ಏಪ್ರಿಲ್‌ನಲ್ಲಿ ಮಾಲೀಕರ ಜೊತೆ ಲೈಂಗಿಕ ಕಿರುಕುಳ ತಡೆಯುವ ಒಪ್ಪಂದ ಮಾಡಿಕೊಂಡಿತು. ಎಚ್ ಆ್ಯಂಡ್ ಎಂ, ಗ್ಯಾಪ್, ಪಿವಿಎಚ್ ಕೂಡ ತಮ್ಮ ಒಪ್ಪಂದಗಳಿಗೆ ಸಹಿ ಹಾಕಿದವು. ಜುಲೈನಲ್ಲಿ ಅಮೆರಿಕದ ಕಸ್ಟಮ್ಸ್ ಆ ಕಾರ್ಖಾನೆಯ ಸರಕಿಗೆ ತಡೆ ಹಾಕಿತು. ಟಾಪ್ ಗ್ಲೋವ್‌ಗೆ ವರ್ಷ ದಾಟಿ ಹಿಡಿದ ತೆರವು ಇಲ್ಲಿ ಸೆಪ್ಟೆಂಬರಿನಲ್ಲೇ ಆಯಿತು, ಏಕೆಂದರೆ ಸುಧಾರಣೆ ಆಗುತ್ತಿದೆ ಎಂದು ತೋರಿಸುವ ವ್ಯವಸ್ಥೆ ಒಪ್ಪಂದದಿಂದಾಗಿ ಆಗಲೇ ನಡೆಯುತ್ತಿತ್ತು. ಕೆಲಸ ಉಳಿಯಿತು, ಒಪ್ಪಂದವೂ ಉಳಿಯಿತು. ಆದರೆ ಸ್ಥಳದಲ್ಲಿ ಗಟ್ಟಿ ಸಂಘವಿಲ್ಲದಿದ್ದರೆ ಈ ದಾರಿ ಇಲ್ಲ.

ಹಾಗಾದರೆ ಯಾವುದು?

ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡದ್ದು, ಸಾಲದ ಜೀತ ಇಂಥವಿದ್ದು, ಸರಕು ಅಮೆರಿಕಕ್ಕೆ ಹೋಗುತ್ತಿದ್ದರೆ ಕಸ್ಟಮ್ಸ್ ಅರ್ಜಿಯೇ ಮೊದಲು. ಅದಕ್ಕಿಂತ ವೇಗದ್ದು ನನಗೆ ಕಾಣುವುದಿಲ್ಲ. ಆದರೆ ಆರ್ಡರ್ ನಿಂತರೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ಇರಬೇಕಾದೀತು ಎಂಬುದನ್ನು ಕಾರ್ಮಿಕರಿಗೆ ಬಿಡಿಸಿ ಹೇಳಿ, ಅವರು ಒಪ್ಪಿದ ಮೇಲಷ್ಟೇ ಕಳಿಸಿ. ಅವರನ್ನು ಕೇಳದೆ ದೂರದ ಊರಿನ ಸಂಸ್ಥೆ ಅರ್ಜಿ ಹಾಕುವುದು ಇನ್ನೊಂದು ಬಗೆಯ ಯಜಮಾನಿಕೆ.

ಸಂಘ ಒಡೆಯುತ್ತಿದ್ದಾರೆ ಎಂಬುದು ದೂರಾದರೆ ಮೊದಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಂಘ ಸ್ವಾತಂತ್ರ್ಯ ಸಮಿತಿಗೆ ಬರೆಯಿರಿ. 1951ರಿಂದ ಇರುವ ಸಮಿತಿ ಇದು. ನಿಮ್ಮ ದೇಶ ಸಂಬಂಧಪಟ್ಟ ಒಪ್ಪಂದಗಳನ್ನು ಅನುಮೋದಿಸದಿದ್ದರೂ ದೂರು ಸ್ವೀಕರಿಸುತ್ತದೆ. ಅದು ಯಾರನ್ನೂ ದಂಡಿಸುವುದಿಲ್ಲ. ಆದರೆ ಕೊರಿಯಾದ ಪ್ರಕರಣದಲ್ಲಾಗಲಿ, ಯುರೋಪಿನ ರಿಯಾಯಿತಿ ಪರಿಶೀಲನೆಯಲ್ಲಾಗಲಿ ಕಾರ್ಮಿಕ ಸಂಘಟನೆಯ ವರದಿಗಳಿಗೆ ಇರುವ ತೂಕ ಬೇರಾವ ಪುರಾವೆಗೂ ಇಲ್ಲ. ಆಮೇಲೆ ಒಪ್ಪಂದದ ಕಾರ್ಮಿಕ ಅಧ್ಯಾಯಕ್ಕೆ ಹೋಗಬಹುದು, ಸರಕು ಯುರೋಪಿಗೆ ಹೋಗುತ್ತಿದ್ದರೆ ಯುರೋಪಿಯನ್ ಆಯೋಗ 2020ರಲ್ಲಿ ತೆರೆದ ದೂರು ಕೇಂದ್ರದ ಮೂಲಕ. ಅಲ್ಲಿ ದೂರು ಕೊಡುವವರು ಯುರೋಪಿನವರೇ ಆಗಿರಬೇಕು, ಆದ್ದರಿಂದ ಅಲ್ಲಿನ ಸಂಘವೊಂದನ್ನು ಜೊತೆಗೂಡಿಸಿಕೊಳ್ಳಿ.

ಜಮೀನು, ನೀರು, ಆರೋಗ್ಯ ಹೋಗಿದ್ದರೆ ಪರಿಹಾರದ ದಾವೆಯ ಕಾಲಮಿತಿ ಮುಗಿಯುವ ಮುನ್ನ ಮಾತೃ ಕಂಪನಿಯ ದೇಶದ ವಕೀಲರನ್ನು ಕಾಣಿ. ಉಳಿದೆಲ್ಲ ದಾರಿಗಳು ಕಾಯುತ್ತವೆ, ಕಾಲಮಿತಿ ಕಾಯುವುದಿಲ್ಲ. ಜೊತೆಗೇ ಸಂಪರ್ಕ ಕೇಂದ್ರಕ್ಕೂ ದೂರು ಕೊಡಬೇಕೆನಿಸಿದರೆ ಆ ವಕೀಲರ ಮಾತು ಕೇಳಿಕೊಂಡೇ ಕೊಡಿ. ಮಧ್ಯಸ್ಥಿಕೆಯ ಮಾತುಕತೆಗೆ ಗೋಪ್ಯತೆಯ ಷರತ್ತು ಇರುತ್ತದೆ, ಅಲ್ಲಿ ಆಡಿದ್ದನ್ನು ಕೋರ್ಟಿನಲ್ಲಿ ಬಳಸಲು ಆಗದೆ ಹೋಗಬಹುದು.

ಯಾವ ದಾರಿಯಾದರೂ ಮೊದಲ ಕೆಲಸ ಒಂದೇ: ಈ ಕಾರ್ಖಾನೆಯ ಸರಕು ಆ ಅಂಗಡಿಗೆ ಹೋಗುತ್ತದೆ ಎಂದು ತೋರಿಸುವುದು. ಬಟ್ಟೆಗೆ ಹೊಲಿದ ಲೇಬಲ್‌ನ ಚಿತ್ರ, ಪೆಟ್ಟಿಗೆಯ ಮೇಲಿನ ವಿಳಾಸ, ಹಡಗಿನ ಸರಕುಪಟ್ಟಿ, ಸಂಬಳದ ಚೀಟಿ, ಏಜೆಂಟನಿಗೆ ಹಣ ಕಟ್ಟಿದ ರಸೀದಿ ಇವನ್ನು ತಾರೀಖಿನ ಸಮೇತ, ಕಾರ್ಖಾನೆಯ ಆವರಣದಿಂದ ಹೊರಗೆ, ಎರಡು ಪ್ರತಿ ಮಾಡಿಡಿ. ಹೇಳಿಕೆ ಕೊಟ್ಟ ಕಾರ್ಮಿಕರ ಹೆಸರಿನ ಪಟ್ಟಿ ಮಾತ್ರ ಬೇರೆ ಕಡೆ ಇರಲಿ.